ಆ್ಯಂಟಿವೈರಸ್ ಹಿಡಿದ ಸಮುದ್ರ

ಸುಶ್ಮಿತಾ ಮೇಜಿನ ಕೆಳಗೆ ನುಗ್ಗಿ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತಳು. ಪರದೆ ಕಪ್ಪಾಯಿತು. ಡಬ್ಬಿಯೊಳಗಿನ ಫ್ಯಾನು ಏನೂ ಆಗಿಲ್ಲವೆಂಬಂತೆ ಇನ್ನಷ್ಟು ಸುತ್ತು ತಿರುಗಿ ನಿಂತಿತು.

"ಎಂತಾ ಆತೇ?" ಬಾಗಿಲಲ್ಲಿ ನಿಂತಿದ್ದ ಅವಳ ಅಪ್ಪ ದಾಸ ಕೇಳಿದ.

ಅವಳು ಮೇಲೇಳಲಿಲ್ಲ. ಪ್ಲಗ್ಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕುಳಿತಳು. ಬಿಟ್ಟರೆ ಅದು ತಾನಾಗಿಯೇ ಗೋಡೆಗೆ ಹೋಗಿ ಸೇರಿಕೊಂಡೀತು ಎನ್ನುವ ಹಾಗೆ.

"ಹಿಡ್ದು ಬಿಡ್ತು ಅಪ್ಪಾ."

"ಯಾರನ್ನ?"

"ನಮ್ಮ ಚಿತ್ರನ. ಆ್ಯಂಟಿವೈರಸ್ಸು ಹಿಡ್ದು ಬಿಡ್ತು. ಕೆಂಪು ಪಟ್ಟಿ ಬಂತು, ಅದ್ರಲ್ಲಿ ನಮ್ಮ ಫೈಲಿನ ಹೆಸರೇ ಇತ್ತು."

"ಹಿಡ್ದು ಎಂತ ಮಾಡ್ತದೆ?"

"ವೈರಸ್ ಅಂದ್ಕಂಡ್ರೆ ಅಳಿಸ್ತದೆ."

ದಾಸನ ಕೈಯಲ್ಲಿ ದೋಣಿಯ ಜಿಪಿಎಸ್ ಸೆಟ್ಟಿತ್ತು. ಮಂಗಳೂರಿನಲ್ಲಿ ರಿಪೇರಿಯಾಗಿ ನಿನ್ನೆಯಷ್ಟೇ ಬಂದಿತ್ತು. ಹೊಸದರ ಹಾಗೆ ಮಾಡಿಕೊಟ್ಟಿದ್ದೇನೆ ಎಂದು ರಿಪೇರಿಯವನು ಹೆಮ್ಮೆಯಿಂದ ಹೇಳಿದ್ದ. ಅದು ನಿಜವೇ. ಸೆಟ್ಟಿಗೆ ಯಾವ ಜಾಗದ ನೆನಪೂ ಉಳಿದಿರಲಿಲ್ಲ. ಇಷ್ಟು ವರ್ಷ ದಾಸ ಅದರಲ್ಲಿ ತುಂಬಿಟ್ಟಿದ್ದ ಕಲ್ಲುಗಳೆಲ್ಲ ಹೋಗಿದ್ದವು. ಕಲ್ಲೆಂದರೆ ಸಮುದ್ರದ ತಳದಲ್ಲಿ ಬಂಡೆ ಎದ್ದಿರುವ ಜಾಗ. ಮೀನು ಅಲ್ಲಿ ಕೂರುತ್ತದೆ, ಗಾಳ ಬಿಡುವವನು ಅಲ್ಲಿಗೇ ಹೋಗಬೇಕು. ದಡಕ್ಕೆ ಹತ್ತಿರದ ಕಲ್ಲುಗಳನ್ನು ಎರಡು ಗುಡ್ಡಗಳ ತುದಿಯನ್ನು ಒಂದೇ ಗೆರೆಗೆ ತಂದು ದಾಸ ಕಣ್ಣಳತೆಯಲ್ಲೇ ಹುಡುಕಬಲ್ಲ. ಆದರೆ ಅಲ್ಲಿ ಈಗ ಎಲ್ಲರೂ ಗಾಳ ಬಿಡುತ್ತಾರೆ. ನೆಲ ಕಾಣದಷ್ಟು ದೂರದಲ್ಲಿರುವ, ಅವನೊಬ್ಬನಿಗೇ ಗೊತ್ತಿರುವ ಕಲ್ಲುಗಳಿಗೆ ಅಕ್ಷಾಂಶ-ರೇಖಾಂಶದ ಅಂಕಿಯೇ ಗತಿ. ಆ ಅಂಕಿಗಳು ಈಗ ಉಳಿದಿದ್ದದ್ದು ಕಂಪ್ಯೂಟರಿನಲ್ಲಿದ್ದ ಒಂದೇ ಒಂದು ಚಿತ್ರದಲ್ಲಿ. ಮಳೆಗಾಲದ ಬಿಡುವು ಮುಗಿದು, ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟಾಗಿತ್ತು. ತದಡಿಯ ದೋಣಿಗಳೆಲ್ಲ ನಾಳೆ ಹೊರಡುವವು.

ಚಿತ್ರವನ್ನು ಸುಶ್ಮಿತಾ ಹಿಂದಿನ ವರ್ಷದ ಮಳೆಗಾಲದಲ್ಲಿ, ದೋಣಿ ದಡದಲ್ಲಿ ತೆಂಗಿನ ಮಡಲು ಹೊದ್ದು ಮಲಗಿದ್ದ ದಿನಗಳಲ್ಲಿ ಬಿಡಿಸಿದ್ದಳು. ದಾಸ ಸೆಟ್ಟು ಹಿಡಿದು ಪಕ್ಕದಲ್ಲಿ ಕುಳಿತು ಹೇಳುತ್ತಿದ್ದ, ಅವಳು ನೀಲಿಯ ಮೇಲೆ ಮೌಸಿನಿಂದ ಕೆಂಪು ಚುಕ್ಕೆ ಇಡುತ್ತಿದ್ದಳು. ಚುಕ್ಕೆಯ ಪಕ್ಕದಲ್ಲಿ ಅಂಕಿ. ಕೆಲವು ಕಡೆ ಅಪ್ಪನ ಬಾಯಿಂದ ಬಂದ ಮಾತು ಹಾಗೆಯೇ: ಇಲ್ಲಿ ನೀರು ಎಳೀತದೆ. ಇಲ್ಲಿ ಅಜ್ಜನ ಗಾಳ ಕಡೀತು. ಇಲ್ಲಿ ಇಸ್ವಾಣ ಮೀನು ಬರೂದು ಚಳಿ ಬಿದ್ದ ಮೇಲೆ. ಒಂದು ದಿನ ಬಂದು ನೋಡಿದ ದೊಡ್ಡಪ್ಪ ಸೋಮ ಹೌಹಾರಿದ್ದ. "ಅಲ್ದಾ ದಾಸ, ಹೆಣ್ಣಿಗೆ ಕಲ್ಲು ತೋರ್ಸ್ತ್ಯಲಾ, ನಾಳೆ ಇವಳು ಮದ್ವೆ ಆಗಿ ಹೊನ್ನಾವರಕ್ಕೆ ಹೋದ್ರೆ ಕಲ್ಲೂ ಹೊನ್ನಾವರಕ್ಕೆ ಹೋತು!" ದಾಸ ಮುಂದಿನ ಅಂಕಿ ಓದಿದ್ದ.

ಬಿಡಿಸಿಯಾದ ಮೇಲೆ ಅದನ್ನು ಅಡಗಿಸುವ ಪ್ರಶ್ನೆ. ಸಮುದ್ರದಲ್ಲಿ ಬೇರೆ ದೋಣಿ ಕಂಡರೆ ದಾಸ ಗಾಳ ಎತ್ತಿ, ಇಂಜಿನ್ನಿನ ಮುಚ್ಚಳ ತೆಗೆದು, ಕೈಗೆ ಎಣ್ಣೆ ಬಳಿದುಕೊಂಡು, ಇಂಜಿನ್ ಕೆಟ್ಟವನ ಹಾಗೆ ಕುಳಿತುಬಿಡುತ್ತಿದ್ದ. ತದಡಿಯಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ಹಾಗಾಗಿ ಕಲ್ಲಿನ ಮೇಲೆ ಬೇರೆಯವರ ಕಣ್ಣಿಗೆ ಬಿದ್ದ ಯಾವ ದೋಣಿಯ ಇಂಜಿನ್ನೂ ಅಲ್ಲಿ ಸರಿ ಇರುವುದಿಲ್ಲ. ಸುಶ್ಮಿತಾ ಕಂಪ್ಯೂಟರಿನಲ್ಲೂ ಅದನ್ನೇ ಮಾಡಿದಳು. ಚಿತ್ರವು ಚಿತ್ರವೆಂದು ತಿಳಿಯದಂತೆ ಹೆಸರು ಬದಲಿಸಿ, ಹೆಸರಿನ ಕೊನೆಗೆ ಡಾಟ್ ಇಎಕ್ಸ್‌ಇ ಎಂಬ ಪ್ರೋಗ್ರಾಮಿನ ಬಾಲ ಅಂಟಿಸಿ, ವಿಂಡೋಸ್ ಫೋಲ್ಡರಿನ ಒಳಗೆ, ಯಾರೂ ಮೂಸಿ ನೋಡದ ಒಂದು ಮೂಲೆಯಲ್ಲಿ ಕಣ್ಣಿಗೆ ಕಾಣದ ಹಾಗೆ ಇಟ್ಟಳು.

ಆಮೇಲೆ ಕಾಲೇಜಿನಿಂದ ಯಾರದೋ ಪೆನ್‌ಡ್ರೈವ್ ಬಂತು, ಅದರ ಜೊತೆ ವೈರಸ್ ಬಂತು. ಅಪ್ಪ ಮಗಳು ಇಬ್ಬರೂ ಕುಮಟಾಕ್ಕೆ ಹೋಗಿ ಕಿರಣನ ಕಂಪ್ಯೂಟರ್ ಅಂಗಡಿಯ ಬೆಂಚಿನ ಮೇಲೆ ಕುಳಿತರು. ಪುಕ್ಕಟೆ ಸಿಗುವ ಆ್ಯಂಟಿವೈರಸ್ ಒಂದಿದೆ, ಇಂಟರ್ನೆಟ್ ಇರಬೇಕು. ಹುಡುಗರು ಕದ್ದು ಹಂಚುವ ಸೀಡಿ ಇದೆ, ಅದರೊಳಗೇ ವೈರಸ್ ಇದ್ದರೂ ಇದ್ದೀತು. ದುಡ್ಡು ಕೊಟ್ಟರೆ ಡಬ್ಬಿಯಲ್ಲಿ ಬರುವುದೊಂದಿದೆ. ಕಿರಣ ಎಲ್ಲವನ್ನೂ ಬಿಡಿಸಿ ಹೇಳಿದ. ದಾಸ ಕೇಳಿದ್ದು ಒಂದೇ.

"ಇದು ನೋಡಿದ್ದನ್ನ ಯಾರಿಗೆ ಹೇಳ್ತದೆ ತಮಾ?"

ಅಂಗಡಿ ತೆರೆದ ಮೇಲೆ ಯಾರೂ ಕಿರಣನನ್ನು ಹೀಗೆ ಕೇಳಿರಲಿಲ್ಲ. ಅವನು ತುಸು ಯೋಚಿಸಿ, ಇಂಟರ್ನೆಟ್ ಹಾಕದಿದ್ದರೆ ಯಾರಿಗೂ ಹೇಳುವುದಿಲ್ಲ, ಹೊಸ ವೈರಸ್ಸುಗಳ ಗುರುತನ್ನು ಆಗಾಗ ಸೀಡಿಯಲ್ಲಿ ತುಂಬಿಸಿ ತಾನೇ ಕೊಡುತ್ತೇನೆ ಎಂದ. ಡಬ್ಬಿಯದೇ ಮನೆಗೆ ಬಂತು. ಅದು ಮನೆಯಲ್ಲಿ ಒಬ್ಬ ಮುಂಗೋಪಿ ನೆಂಟನ ಹಾಗೆ ಇತ್ತು. ಏನು ತೆರೆದರೂ ಮೊದಲು ತಾನು ನೋಡಬೇಕು. ಸೀಡಿ ತರುವುದು ತಡವಾದರೆ ಪರದೆಯ ಮೂಲೆಯಲ್ಲಿ ಹಳದಿ ಗುಳ್ಳೆ ಎಬ್ಬಿಸುತ್ತಿತ್ತು. "ಅದಕ್ಕೆ ಹಸಿವಾಯ್ತು ಕಾಣ್ತದೆ, ಎಂತಾದ್ರೂ ಹಾಕೇ," ಎಂದು ಸುಶ್ಮಿತಾಳ ಅವ್ವಿ ಮಾಸ್ತಮ್ಮ ಒಲೆಯ ಮುಂದಿನಿಂದ ಕೂಗುತ್ತಿದ್ದಳು.

ನಿನ್ನೆ ಸೀಡಿ ತಂದು ಹಾಕಿದ್ದಾಗಿತ್ತು. ಇಂದು ಬೆಳಿಗ್ಗೆ, ಅಂಕಿ ಇಳಿಸಿಕೊಳ್ಳುವ ಮೊದಲು ಒಮ್ಮೆ ಇಡೀ ಕಂಪ್ಯೂಟರನ್ನು ಸೋಸಲಿ ಎಂದು ಅವಳೇ ಅದನ್ನು ಬಿಟ್ಟಿದ್ದಳು. ಹೊಸ ಗುರುತು ತಿಂದು ಗಟ್ಟಿಯಾಗಿದ್ದ ಅದು ನೆಟ್ಟಗೆ ಹೋಗಿ ಆ ಮೂಲೆಗೇ ಕೈ ಹಾಕಿತು.

"ಮತ್ತೆ ಹಚ್ಚಿ ನೋಡೂಕೆ ಆಗೂದಿಲ್ವಾ?" ದಾಸ ಕೇಳಿದ.

"ಹಚ್ಚಿದ್ರೆ ಉಳಿದದ್ದನ್ನೂ ಅಳಿಸಿದ್ರೆ?"

ಮಾಸ್ತಮ್ಮ ಒಳಗಿಂದ ಒಂದು ಹಳೆ ಸೀರೆ ತಂದಳು. ಅದರಲ್ಲಿ ಸಿಪಿಯುವನ್ನು ಸುತ್ತಿ, ದಾಸ ಹೆಗಲ ಮೇಲೆ ಇಟ್ಟುಕೊಂಡ. ಜಿಪಿಎಸ್ ಸೆಟ್ಟನ್ನು ಸುಶ್ಮಿತಾ ತನ್ನ ಚೀಲಕ್ಕೆ ಹಾಕಿಕೊಂಡಳು.

ಕುಮಟಾಕ್ಕೆ ಹೋಗಲು ನದಿಯಾಚೆ ಅಘನಾಶಿನಿಯ ದಡಕ್ಕೆ ದಾಟಿಸುವ ತಾರಿ ದೋಣಿಯಲ್ಲಿ ಚೌಡ ಕುಳಿತಿದ್ದ. ಚೌಡನಿಗೂ ದೋಣಿಯಿದೆ. ಹೋದ ವರ್ಷ ಅದು ಬಹಳ ದಿನ ದಾಸನ ದೋಣಿಯ ಹಿಂದೆಯೇ ಇತ್ತು.

"ಎಂತದು ದಾಸಣ್ಣಾ, ಸೀರೆ ಉಡ್ಸಿ ಯಾರನ್ನ ಕರ್ಕಂಡು ಹೊಂಟೆ?"

"ಟೀವಿ. ಹಾಳಾಗದೆ."

"ಇಷ್ಟು ಸಣ್ಣ ಟೀವಿಯಾ?"

"ನಮ್ಮನೆಯಲ್ಲಿ ಎಲ್ಲಾ ಸಣ್ಣದೇ ನೋಡೂದು."

"ನಾಳೆ ಹೊರಡೂದದೆ, ಇವತ್ತು ಟೀವಿ ರಿಪೇರಿ ಅಂತೆ!" ಚೌಡ ಉಳಿದವರ ಕಡೆ ತಿರುಗಿ ಹೇಳಿದ. "ನಾಳೆ ಎಲ್ಲಿಗೆ ಹೋಗ್ತೆ ಹೇಳು ಮಾರಾಯ, ನಾನೂ ಜೊತೆಗೆ ಬರ್ತೆ."

"ನೀ ಮುಂದೆ ಹೋಗು. ಒಂದು ಸಲ ನಾ ನಿನ್ನ ಹಿಂದೆ ಬರ್ತೆ."

ದೋಣಿಯಲ್ಲಿದ್ದವರೆಲ್ಲ ನಕ್ಕರು, ಚೌಡನೂ ನಕ್ಕ. ಸುಶ್ಮಿತಾ ನಗಲಿಲ್ಲ. ಕರೆಂಟಿಲ್ಲದೆ ಅದು ಏನೂ ಮಾಡಲಾರದೆಂದು ಅವಳಿಗೆ ಗೊತ್ತಿತ್ತು. ಆದರೂ ಸೀರೆಯ ಒಳಗೆ ಅದು ಚುಕ್ಕೆಗಳನ್ನು ಒಂದೊಂದಾಗಿ ನೆಕ್ಕುತ್ತಿದೆ, ಆಚೆ ದಡ ಮುಟ್ಟುವಷ್ಟರಲ್ಲಿ ಬರಿಯ ನೀಲಿ ಉಳಿಯುತ್ತದೆ ಎನ್ನಿಸುತ್ತಿತ್ತು. ದೋಣಿಯ ಸುತ್ತ ಇದ್ದದ್ದೂ ಅಂಥದ್ದೇ ನೀರು. ಯಾವ ಗುರುತೂ ಇಲ್ಲದ್ದು.

ಕುಮಟಾದಲ್ಲಿ ಕಿರಣ ಸಿಪಿಯುವಿಗೆ ತನ್ನ ಮಾನಿಟರ್ ಸಿಕ್ಕಿಸಿದ. ಸುಶ್ಮಿತಾ ನಡೆದದ್ದನ್ನು ಹೇಳುತ್ತ, ಸ್ವಿಚ್ಚಿನ ಮೇಲೆ ಅವನ ಬೆರಳು ಹೋದಾಗ ಮಾತು ನಿಲ್ಲಿಸಿ ಕಣ್ಣು ಮುಚ್ಚಿದಳು.

"ಕಣ್ಣು ಬಿಡು," ಎಂದ ಕಿರಣ. "ಅಳಿಸಿಲ್ಲ. ಸಂಶಯ ಬಂದದ್ದನ್ನ ಇದು ಮೊದ್ಲು ಒಂದು ಕೋಣೆಯಲ್ಲಿ ಕೂಡಿ ಹಾಕ್ತದೆ. ನಾವು ಹೇಳೂವರೆಗೆ ಅಲ್ಲೇ ಇರ್ತದೆ."

"ಜೀವ ಅದೆಯಾ?" ದಾಸ ಕೇಳಿದ.

"ಅದೆ ದಾಸಣ್ಣ. ಯಾವುದು ನಿಮ್ದು? ಇಲ್ಲಿ ಒಂದೇ ಅದೆ." ಕಿರಣ ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿದ. "ಇದಾ? ಯಾರು ಇದನ್ನ ಹೀಗೆ ಮಾಡಿದ್ದು?"

"ನಾನೇ ಸರ್."

"ಚಿತ್ರಕ್ಕೆ ಪ್ರೋಗ್ರಾಮಿನ ಬಾಲ. ಇಟ್ಟದ್ದು ವಿಂಡೋಸಿನ ಹೊಟ್ಟೆಯೊಳಗೆ. ಮೇಲಿಂದ ಕಾಣದ ಹಾಗೆ ಬೇರೆ ಮಾಡಿದ್ದಿ. ವೈರಸ್ ಬರೆಯುವವರು ಮಾಡೂದೂ ಇದನ್ನೇ ಅಲ್ವಾ? ಹಿಡೀದೆ ಬಿಟ್ಟಿದ್ರೆ, ಇದನ್ನ ಮಾರಿದ್ದಕ್ಕೆ ನಾನು ನಾಚ್ಕೊಳ್ಬೇಕಿತ್ತು."

ದಾಸ ಇಬ್ಬರ ಮುಖವನ್ನೂ ನೋಡಿದ. "ಅಂದ್ರೆ, ನಾವು ಅಡಗಿಸಿಟ್ಟದ್ದಕ್ಕೇ ಅದು ಹಿಡ್ದದ್ದಾ?"

"ಹೌದು. ಸುಮ್ನೆ ಮೇಲೇ ಇಟ್ಟಿದ್ರೆ ತಿರುಗಿಯೂ ನೋಡ್ತಿರ್ಲಿಲ್ಲ."

ದಾಸ ನಗತೊಡಗಿದ. ಮೊದಲು ಸಣ್ಣಗೆ, ಆಮೇಲೆ ಬೆಂಚು ಅಲ್ಲಾಡುವಷ್ಟು. ಬಾಗಿಲಲ್ಲಿ ಯಾರೋ ಇಣುಕಿ ಹೋದರು. "ಇಂಜಿನ್ ಬಿಚ್ಚಿ ಕೂತವನನ್ನೇ ಹಿಡ್ದು ಹಾಕ್ತು!" ಎಂದು ಅವನು ಕಣ್ಣೊರೆಸಿಕೊಂಡ. "ನಮ್ಮ ಬದಿಗೆ ಬರ್ಲಿ ಇದು, ತದಡಿಯಲ್ಲಿ ಒಬ್ಬನನ್ನೂ ಬಿಡೂದಿಲ್ಲ."

ಕಿರಣನಿಗೆ ಅರ್ಥವಾಗಲಿಲ್ಲ. ಅವನು ಕೋಣೆಯ ಬಾಗಿಲು ತೆರೆಯುವ ಗುಂಡಿ ಒತ್ತಿದ. ಇದನ್ನು ಇನ್ನು ಮುಂದೆ ಮುಟ್ಟಬೇಡ ಎಂದು ಆ್ಯಂಟಿವೈರಸ್ಸಿಗೆ ಹೇಳುವುದು ಹೇಗೆಂದೂ ಸುಶ್ಮಿತಾಗೆ ತೋರಿಸಿದ.

"ಹೇಳಿದ್ರೆ ಕೇಳ್ತದಾ?" ಎಂದ ದಾಸ.

"ಕೇಳ್ತದೆ. ಮನುಷ್ಯರಿಗಿಂತ ಚಲೋ ಕೇಳ್ತದೆ. ಈಗ ಚಿತ್ರ ತೆರೆದು ನೋಡ್ಬೇಕು, ಪೂರಾ ಅದೆಯಾ ಅಂತ."

ದಾಸ ಎದ್ದು ನಿಂತ. "ತಮಾ, ನೀ ಒಂಚೂರು ಆ ಬದಿಗೆ ತಿರುಗ್ತ್ಯಾ?"

ಕಿರಣ ಕುರ್ಚಿಯನ್ನು ಗೋಡೆಗೆ ತಿರುಗಿಸಿಕೊಂಡು, ಅಲ್ಲಿ ಒಟ್ಟಿದ್ದ ಖಾಲಿ ಡಬ್ಬಿಗಳನ್ನು ಓದುತ್ತ ಕುಳಿತ. ದಾಸ ಹೆಗಲ ಮೇಲಿದ್ದ ಪಂಜಿಯನ್ನು ಮಾನಿಟರಿನ ಮೇಲಿಂದ ಹೊದಿಸಿ, ಅದರ ಒಳಗೆ ತನ್ನ ತಲೆಯನ್ನೂ ಮಗಳ ತಲೆಯನ್ನೂ ಸೇರಿಸಿಕೊಂಡ. ಬಟ್ಟೆಯೊಳಗೆ ಡೀಸೆಲ್ಲಿನ, ಉಪ್ಪಿನ ವಾಸನೆ. ಸುಶ್ಮಿತಾ ಬಾಲ ಬದಲಿಸಿ ಎರಡು ಸಲ ಒತ್ತಿದಳು.

ಸಮುದ್ರ ತೆರೆದುಕೊಂಡಿತು. ಇಬ್ಬರ ಮುಖವೂ ನೀಲಿಯಾಯಿತು. ಚುಕ್ಕೆಗಳು ಇದ್ದವು. ಅವಳು ಮೇಲಿನಿಂದ ಕೆಳಗೆ ನೋಡಿಕೊಂಡು ಬಂದಳು, ಮತ್ತೆ ಕೆಳಗಿನಿಂದ ಮೇಲೆ. ಆಗಷ್ಟೇ ಅವಳಿಗೆ ಹಸಿವಾಗತೊಡಗಿತು.

"ಅಜ್ಜನ ಕಲ್ಲು ಅದೆ," ಅವಳು ಪಿಸುಗುಟ್ಟಿದಳು.

"ಅದೆ. ನೀರು ಎಳೆಯೂದು?"

"ಇಲ್ಲಿ. ಅದೆ."

"ಆತು. ಹಾಕು ಸೆಟ್ಟಿಗೆ."

ಅವನು ಅಂಕಿ ಓದಿದ, ಅವಳು ಒತ್ತಿದಳು. ಒಂದೊಂದು ಕಲ್ಲು ಸೇರಿದಾಗಲೂ ಸೆಟ್ಟು ಹಕ್ಕಿಮರಿಯ ಹಾಗೆ ಕೂಗುತ್ತಿತ್ತು. ಗೋಡೆಗೆ ಮುಖ ಮಾಡಿದ್ದ ಕಿರಣ ಪ್ರತಿ ಕೂಗಿಗೂ "ಹ್ಞಾಂ" ಎನ್ನುತ್ತಿದ್ದ. ಕಡೆಯ ಕಲ್ಲು ಮುಗಿದ ಮೇಲೂ ಸ್ವಲ್ಪ ಹೊತ್ತು ಅಪ್ಪ ಮಗಳು ಪಂಜಿಯ ಒಳಗೇ ಇದ್ದರು. ಹೊರಗೆ ಬರುವ ಅವಸರವೇನೂ ಇರಲಿಲ್ಲ.

ಕಿರಣನ ರೈಟರ್ ಸಿಕ್ಕಿಸಿ ಸುಶ್ಮಿತಾ ಚಿತ್ರವನ್ನು ಒಂದು ಸೀಡಿಗೂ ಇಳಿಸಿಕೊಂಡು ಚೀಲಕ್ಕೆ ಹಾಕಿದಳು. ದಾಸ ಅಂಗಡಿಯ ಫೋನಿನಿಂದ ಮನೆಗೆ ಮಾಡಿ, "ಅದೆ ಅದೆ, ಎಲ್ಲಾ ಅದೆ, ಅನ್ನಕ್ಕೆ ಇಡು," ಎಂದು ಊರಿಗೇ ಕೇಳುವಂತೆ ಹೇಳಿದ. ಕಿರಣ ಎದುರಿನ ಹೋಟೆಲಿನಿಂದ ಚಹಾ ತರಿಸಿದ.

"ನೋಡಿ ದಾಸಣ್ಣ," ಕಿರಣ ಲೋಟ ಕೆಳಗಿಟ್ಟ. "ಚಿತ್ರದಲ್ಲಿ ಎಂತದದೆ ಅಂತ ನಾ ಕೇಳೂದಿಲ್ಲ. ಆದ್ರೆ ಕಂಪ್ಯೂಟರೂ ಸೀಡಿಯೂ ಎರಡೂ ನಿಮ್ಮನೆಯಲ್ಲೇ. ಸಮುದ್ರದ ಗಾಳಿಗೆ ಡಿಸ್ಕು ಎಷ್ಟು ದಿನ ಬಾಳ್ತದೋ ಹೇಳೂಕಾಗೂದಿಲ್ಲ. ಇನ್ನೊಂದು ಸೀಡಿ ಮಾಡಿ ನನ್ನ ಕಪಾಟಿನಲ್ಲಿ ಇಟ್ಟು ಹೋಗಿ. ಪಾಸ್‌ವರ್ಡ್ ಹಾಕುವ. ಬೀಗವೂ ಅದೆ. ನಾ ತೆರೆಯೂದಿಲ್ಲ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದ, ಹೇಳಿದ್ದು ಸರಿಯೂ ಆಗಿತ್ತು. ಗೋಡೆ ನೋಡುತ್ತ ಅಷ್ಟು ಹೊತ್ತು ಕುಳಿತಿದ್ದವನನ್ನು ನಂಬದೆ ಇನ್ನಾರನ್ನು ನಂಬುವುದು? ದಾಸನ ಮುಖ ಚಹಾದ ಬಿಸಿಗೂ ಸಮಾಧಾನಕ್ಕೂ ಮೆತ್ತಗಾಗಿತ್ತು. "ಪಾಪ, ಇಷ್ಟು ಮಾಡಿದಾನೆ," ಎಂದ. "ಇಟ್ಕಳ್ಳಲಿ ಬಿಡು. ಎಂತ ಹೇಳ್ತೆ ಮಗಾ?"

ಕಿರಣ ಆಗಲೇ ಹೊಸ ಸೀಡಿಯೊಂದನ್ನು ಬಿಡಿಸಿ, ಅಂಚು ಹಿಡಿದು ಅವಳ ಕಡೆ ಚಾಚಿದ್ದ.

"ಬ್ಯಾಡ ಸರ್," ಎಂದಳು ಸುಶ್ಮಿತಾ. "ಇದು ಅಪ್ಪನ ಹತ್ರ, ನನ್ನ ಹತ್ರ ಮಾತ್ರ ಇರೂದು. ಕೊಡೂದಿಲ್ಲ."