ತಪ್ಪುಕಾಣಿಕೆಯ ಸೋಮವಾರ

2001ರ ಶ್ರಾವಣದ ಮೊದಲ ಸೋಮವಾರ ಮಠದ ಏಕಾಂತಯ್ಯನವರನ್ನು ಕರೆಸಿ, ಅಪ್ಪನನ್ನು ಕೊಂದ ಪಾಪವನ್ನು ನನ್ನ ತಂಗಿಯಿಂದ ಒಪ್ಪಿಸಿ, ಅವಳಿಗೆ ಮತ್ತೆ ಲಿಂಗ ಕಟ್ಟಿಸುವುದೆಂದು ಅವ್ವ ನಿಶ್ಚಯಿಸಿಬಿಟ್ಟಿದ್ದಳು.

ಮಧುಶ್ರೀಗೆ ಹದಿನಾಲ್ಕು. ಅವಳು ಯಾರನ್ನೂ ಕೊಂದಿರಲಿಲ್ಲ. ಟ್ಯೂಷನ್ ಮುಗಿಸಿ ಅಪ್ಪನ ಸ್ಕೂಟರಿನಲ್ಲಿ ಸಿದ್ಧಾರ್ಥನಗರದ ಮನೆಗೆ ಬರುವಾಗ ಹಿಂದಿನಿಂದ ಲಾರಿ ಬಡಿದಿತ್ತು. ಅಪ್ಪ ಅಲ್ಲೇ ಹೋದರು. ಇವಳು ಚರಂಡಿಗೆ ಬಿದ್ದು ಉಳಿದಳು. ಅವತ್ತು ಸ್ನಾನಕ್ಕೆಂದು ಕೊರಳಿಂದ ತೆಗೆದ ಇಷ್ಟಲಿಂಗದ ಕರಡಿಗೆಯನ್ನು ಬಚ್ಚಲಿನ ಗೂಟದಲ್ಲೇ ಮರೆತಿದ್ದಳು. ಹೆಣ ಮನೆಗೆ ಬಂದಾಗ ಅದು ಅವ್ವನ ಕಣ್ಣಿಗೆ ಬಿತ್ತು.

"ಲಿಂಗ ಬುಟ್ಟು ಹೋದೋಳು ನೀನು, ಜೀವ ಬುಟ್ಟೋರು ಅವ್ರು" ಎಂದಳು.

ಲಾರಿಯವನು ಜಾಮೀನಿನ ಮೇಲೆ ಓಡಾಡಿಕೊಂಡಿದ್ದ. ತಪ್ಪು ಒಪ್ಪಬೇಕಾದವಳು ನನ್ನ ತಂಗಿ. ಅವಳಿಗೆ ಸ್ಕೂಲಿಲ್ಲ, ನಿದ್ದೆಯಿಲ್ಲ. ಹಾರ್ನ್ ಕೇಳಿದರೆ ಮಂಚದಡಿ ಸೇರುತ್ತಿದ್ದಳು. ನಾನು ಒಂಬತ್ತನೇ ಕ್ಲಾಸಿಗೇ ಓದು ಬಿಟ್ಟು ನಜರ್‌ಬಾದಿನ ಗ್ಯಾರೇಜು ಸೇರಿದವನು. ಮನಸ್ಸಿಗೂ ಡಾಕ್ಟರಿದ್ದಾರೆಂದು ಗಿರಾಕಿಯೊಬ್ಬರು ಹೇಳಿದ್ದರಿಂದ ಅವಳನ್ನು ಚೂಡಾಮಣಿ ಮೇಡಂ ಬಳಿ ವಾರವಾರ ಕರೆದೊಯ್ಯುತ್ತಿದ್ದೆ. ಗಾಡಿ ಹತ್ತುವವಳಲ್ಲ, ನಡೆದೇ ಹೋಗಬೇಕು.

ಆ ಸೋಮವಾರಕ್ಕೆ ಮುಂಚಿನ ಶನಿವಾರ ಮೇಡಂ ಕೇಳಿದರು. "ಮಧು, ಆ ದಿನಕ್ಕೆ ಮುಂಚೆ ಯಾವತ್ತಾದ್ರೂ ಲಿಂಗ ತೆಗೆದಿಟ್ಟಿದ್ಯಾ?"

"ಕಬಡ್ಡಿ ಇದ್ದಾಗೆಲ್ಲಾ ತೆಗೆದಿಡ್ತಿದ್ದೆ."

"ಆವಾಗೆಲ್ಲಾ ಏನಾಯ್ತು?"

"ಏನೂ ಆಗ್ಲಿಲ್ಲ. ಗೆಲ್ತಿದ್ವಿ."

ಸೋಮವಾರದ ವಿಷಯವನ್ನು ನಾನೇ ಎತ್ತಿದೆ. "ಆ ಅಯ್ಯನೋರನ್ನ ಬಾಗಿಲಲ್ಲೇ ತಡೀತೀನಿ ಮೇಡಂ. ಒಂದು ಬಿಗಿದ್ರೆ ಮಠ ಸೇರ್ಕೋತಾರೆ."

"ಬಿಗಿದ್ರೆ ಅವಳ ತಲೇಲಿರೋದು ಹೋಗುತ್ತೇನ್ರೀ ಗುರುಕಿರಣ್? ಈ ಜಗಳವೂ ನನ್ನಿಂದ್ಲೇ ಅಂದ್ಕೋತಾಳೆ. ಬೇಡ ಅನ್ನೋದಾದ್ರೆ ಅವಳೇ ಅನ್ಲಿ. ನೀವು ಪಕ್ಕದಲ್ಲಿರಿ, ಅಷ್ಟೇ."

ಸೋಮವಾರ ನಡುಮನೆ ತುಂಬ ನಂಟರು. ಏಕಾಂತಯ್ಯನವರು ಅಂಗೈಯಲ್ಲಿ ಲಿಂಗ ಹಿಡಿದು ಕೂತರು. ನಾನು ಗೋಡೆಗೆ ಒರಗಿ ಕೈಗಳನ್ನು ಬೆನ್ನ ಹಿಂದೆ ಅದುಮಿಕೊಂಡೆ. ಬಿಟ್ಟರೆ ಅವು ನನ್ನ ಮಾತು ಕೇಳುತ್ತಿರಲಿಲ್ಲ.

"ಹೇಳು ಮಗಳೇ, ನನ್ನ ತಪ್ಪಿಂದ ತಂದೆ ಹೋದರು, ಕ್ಷಮಿಸು ಅಂತ" ಎಂದರು ಅಯ್ಯನವರು.

ಮಧುಶ್ರೀ ಕೈ ಚಾಚಿದಳು. "ಲಿಂಗ ಕಟ್ಕೋತೀನಿ ಅಯ್ಯನೋರೆ. ಆ ಮಾತು ಮಾತ್ರ ಹೇಳಲ್ಲ."

"ಅಪ್ಪನ್ನ ನುಂಗಿದ್ರೂ ಕೊಬ್ಬಿಳಿದಿಲ್ಲ ನೋಡಿ" ಎಂದಳು ಸೋದರತ್ತೆ ಸಾಕಮ್ಮ.

ನಾನು ಮುಂದೆ ನುಗ್ಗಿದೆ. ತಂಗಿ ನನ್ನತ್ತ ನೋಡಿ ಬೇಡವೆಂದು ತಲೆಯಾಡಿಸಿದಳು. ಹಲ್ಲು ಕಚ್ಚಿ ನಿಂತೆ.

ಅವ್ವ ಅವಳ ಭುಜ ಹಿಡಿದು ಅಲುಗಿಸಿದಳು. "ನಿನ್ನಿಂದಲ್ಲ ಅಂದ್ರೆ ಇನ್ಯಾಕೆ ಸತ್ರೇ ಅವ್ರು? ಹೇಳು, ಯಾಕೆ ಸತ್ರು?"

"ಲಾರಿ ಬಡೀತು ಕಣವ್ವ. ಅಪ್ಪ ರೋಡಿಗೆ ಬಿದ್ರು. ನಾ ನೋಡ್ದೆ. ಕೂಗ್ದೆ, ಏಳ್ಲಿಲ್ಲ."

ಆ ದಿನದ ಬಗ್ಗೆ ಅವಳು ಮನೆಯಲ್ಲಿ ಬಾಯಿಬಿಟ್ಟದ್ದು ಅದೇ ಮೊದಲು. ನಾವ್ಯಾರೂ ಕೇಳಿಯೂ ಇರಲಿಲ್ಲ. ಅವ್ವನ ಕೈ ಭುಜದಿಂದ ಜಾರಿತು. ನೆಲಕ್ಕೆ ಕುಸಿದು ಕೂತಳು.

"ಕೂಗಿದ್ಯಾ?" ಎಂದಳು ಆಮೇಲೆ. "ಏನಂತ ಕೂಗ್ದೆ?"

ಮಧುಶ್ರೀ ಅವಳೆದುರು ಕೂತು ಹೇಳತೊಡಗಿದಳು. ಏಕಾಂತಯ್ಯನವರು ಲಿಂಗ ಹಿಡಿದ ಕೈಯನ್ನು ಇಳಿಸದೆ ಕಾಯುತ್ತಿದ್ದರು.