ತಾತನ ಅಚ್ಚು

ಮೂರನೆಯ ತಂತಿಯೂ ಪಟ್ಟನೆ ಹರಿಯಿತು. ತೂಗುಹಾಕಿದ್ದ ಕಲ್ಲು ನೆಲಕ್ಕೆ ಬಿದ್ದು ಕುಲುಮೆಯವರೆಗೂ ಉರುಳಿಕೊಂಡು ಹೋಯಿತು. ಬಾಗಿಲ ಮರೆಯಲ್ಲಿ ನಿಂತಿದ್ದ ಸರ್ವಮಂಗಳ ಕಣ್ಣು ಮುಚ್ಚಿಕೊಂಡಳು.

ತಂತಿಗೆ ಕಲ್ಲು ಕಟ್ಟಿ ಪರೀಕ್ಷೆ ಮಾಡುತ್ತಿದ್ದವರು ವೃಷಭೇಂದ್ರಪ್ಪ ಮೇಷ್ಟ್ರು, ಬೆಂಗಳೂರಿನ ಕಾಲೇಜಿನಲ್ಲಿ ವಿಜ್ಞಾನ ಹೇಳಿಕೊಡುವವರು. ಮೈಸೂರು ಯೂನಿವರ್ಸಿಟಿ ಹುಟ್ಟಿ ಆಗಿನ್ನೂ ಒಂದು ವರ್ಷ. ಜರ್ಮನಿಯ ಯುದ್ಧ ಶುರುವಾದ ಮೇಲೆ ಹಡಗುಗಳು ನಿಂತು, ಹುಡುಗರು ನಾದದ ಪ್ರಯೋಗ ಮಾಡುವುದಕ್ಕೆ ಬೇಕಾದ ಸೀಮೆ ತಂತಿ ಬರುತ್ತಿರಲಿಲ್ಲ. ಚನ್ನಪಟ್ಟಣದಲ್ಲಿ ಹಿಂದೆ ವೀಣೆಗೆ ಉಕ್ಕಿನ ತಂತಿ ಎಳೆಯುತ್ತಿದ್ದರು ಎಂದು ಯಾರೋ ವೈಣಿಕರು ಹೇಳಿದ್ದನ್ನು ನೆಚ್ಚಿಕೊಂಡು ಮೇಷ್ಟ್ರು ರೈಲು ಹತ್ತಿ ಬಂದಿದ್ದರು.

ಆ ಕಸುಬಿನಲ್ಲಿ ಉಳಿದಿದ್ದುದು ಸರ್ವಮಂಗಳಳ ತಂದೆ ಗುರುಸಿದ್ದಯ್ಯನೊಬ್ಬನೇ. ಕೊಳ್ಳುವವರಿಲ್ಲದೆ, ಆ ತಿಂಗಳು ಕಳೆದರೆ ಅವನೂ ಕುಲುಮೆ ಆರಿಸಿ, ಮಗಳನ್ನು ಕರೆದುಕೊಂಡು ಕನಕಪುರದ ಭಾವಮೈದುನನ ರೇಷ್ಮೆ ಮನೆಗೆ ಕೂಲಿಗೆ ಹೋಗುವವನಿದ್ದ. ಕಾಲೇಜು ತಂತಿಯನ್ನು ಒಪ್ಪಿಕೊಂಡರೆ ಮಾತ್ರ ಹೋಗಬೇಕಾಗಿರಲಿಲ್ಲ.

ಮೇಷ್ಟ್ರು ಜೇಬಿನಿಂದ ದಪ್ಪ ಅಳೆಯುವ ಹಿತ್ತಾಳೆಯ ಪುಟ್ಟ ತಿರುಪೊಂದನ್ನು ತೆಗೆದು ಹರಿದ ತಂತಿಯನ್ನು ಅದರ ಬಾಯಿಗಿಟ್ಟು ಅಳೆದರು. ಇನ್ನೊಂದು ತುದಿಯನ್ನೂ ಅಳೆದರು.

"ಈ ಕಡೆ ಸಣ್ಣ, ಆ ಕಡೆ ದಪ್ಪ. ಸಣ್ಣಗಿರುವ ಕಡೆ ಹರಿಯುತ್ತಿದೆ, ಗುರುಸಿದ್ದಯ್ಯನವರೇ."

"ಆಗಾಕಿಲ್ಲ ಸ್ವಾಮಿ!" ಗುರುಸಿದ್ದಯ್ಯನ ಮುಖ ಕೆಂಪೇರಿತು. "ತಂತಿ ಎಳೆಯೋ ಅಚ್ಚು ನಮ್ಮಪ್ಪನೇ ಮಾಡಿದ್ದು. ಮೈಸೂರು, ತಂಜಾವೂರಿನ ವಿದ್ವಾಂಸರೆಲ್ಲ ಈ ಅಚ್ಚಿನ ತಂತಿನೇ ಕೇಳಿ ಈಸ್ಕೊತಿದ್ರು. ತಪ್ಪು ನಿಮ್ಮ ತಿರುಪಿಂದು."

ಮೇಷ್ಟ್ರು ಬೇಸರಪಡಲಿಲ್ಲ. "ಇರಬಹುದು. ಇದು ನಿಮ್ಮ ಹತ್ತಿರವೇ ಇರಲಿ, ನೀವೇ ಅಳೆದು ನೋಡಿ. ಮುಂದಿನ ಸೋಮವಾರ ಮತ್ತೆ ಬರುತ್ತೇನೆ" ಎಂದು ಹಿತ್ತಾಳೆಯ ಆ ವಸ್ತುವನ್ನು ಜಗಲಿಯ ಮೇಲಿಟ್ಟು ಹೊರಟರು. ಇಷ್ಟು ಒಳ್ಳೆಯ ಸಾಮಾನನ್ನು ಗುರುತಿಲ್ಲದವರ ಮನೆಯಲ್ಲಿ ಬಿಟ್ಟುಹೋಗುವವರನ್ನು ಸರ್ವಮಂಗಳ ಕಂಡಿರಲಿಲ್ಲ.

ಅವಳಿಗೆ ಗೊತ್ತಿತ್ತು, ತಿರುಪಿನದು ತಪ್ಪಲ್ಲ. ಎರಡು ವರ್ಷದಿಂದಲೇ ಗೊತ್ತಿತ್ತು. ಎಳೆದ ತಂತಿಯನ್ನು ಬಿಗಿದು ಕಟ್ಟಿ, ನಟ್ಟನಡುವೆ ಬೆರಳೊತ್ತಿ ಮೀಟಿದರೆ ಎರಡು ಕಡೆಯೂ ಒಂದೇ ದನಿ ಬರಬೇಕು. ಅಪ್ಪನ ತಂತಿಯಲ್ಲಿ ಒಂದು ಕಡೆ ಏರಿ, ಇನ್ನೊಂದು ಕಡೆ ಇಳಿದು ಕೇಳುತ್ತಿತ್ತು. ಹೇಳುವುದಾದರೂ ಹೇಗೆ? ಅವ್ವ ತೀರಿಕೊಂಡ ವರ್ಷ ಕೂಲಿಮಠದ ಓದು ಬಿಟ್ಟವಳು ಅವಳು. ನಾಲ್ಕು ಜನ ಕೂತಲ್ಲಿ ನೀರು ಬೇಕೆಂದು ಕೇಳುವುದಕ್ಕೂ ನಾಲಿಗೆ ಏಳುತ್ತಿರಲಿಲ್ಲ.

ಅಪ್ಪ ಸಂತೆಗೆ ಹೋದ ಹೊತ್ತು ನೋಡಿ ತಿರುಪನ್ನು ಕೈಗೆತ್ತಿಕೊಂಡಳು. ಒಂದು ಸುರುಳಿ ಬಿಚ್ಚಿ ಮಾರುದ್ದಕ್ಕೊಂದು ಕಡೆ ಅಳೆದು, ತಿರುಪಿನ ಗೆರೆಗಳ ಲೆಕ್ಕವನ್ನು ಇದ್ದಿಲಿನಲ್ಲಿ ಗೋಡೆಯ ಮೇಲೆ ಬರೆಯುತ್ತ ಹೋದಳು. ಏಳು, ಏಳು, ಎಂಟು, ಒಂಬತ್ತು, ಹನ್ನೊಂದು. ಎಳೆದಂತೆಲ್ಲ ತಂತಿ ದಪ್ಪವಾಗುತ್ತಿತ್ತು.

"ಏನವ್ವ ಇದು, ಗೋಡೆ ತುಂಬ ಗೀಚಿದ್ದೀಯ?" ಅಪ್ಪ ಹಿಂದೆಯೇ ನಿಂತಿದ್ದ.

ಅವಳು ಗೋಡೆಯನ್ನೇ ನೋಡುತ್ತ ಹೇಳಿಬಿಟ್ಟಳು. "ಅಚ್ಚಿನ ತೂತು ಸವೆದೈತೆ ಅಪ್ಪ. ತಂತಿ ಎಳೀತಾ ಎಳೀತಾ ಬಾಯಿ ಬಿಡ್ತೈತೆ. ಸುತ್ತಿಗೇಲಿ ಬಡಿದು ಮುಚ್ಚಿ, ಹೊಸದಾಗಿ ತೂತು ತೆಗೀಬೇಕು."

"ನಮ್ಮಪ್ಪನ ಅಚ್ಚಿಗೆ ಸುತ್ತಿಗೆ ಹಾಕ್ಲಾ?"

ಪ್ರತಿ ಸೋಮವಾರ ವಿಭೂತಿ ಹಚ್ಚಿ ಹೂವಿಟ್ಟು ಕೈಮುಗಿಯುತ್ತಿದ್ದ ಅಚ್ಚು ಅದು. ಬೆರಳಗಲದ ಉಕ್ಕಿನ ಪಟ್ಟಿ, ಉದ್ದಕ್ಕೂ ತೂತುಗಳು. ತಾತ ಹೋದ ಮೇಲೆ ಅದಕ್ಕೆ ಯಾರೂ ಪೆಟ್ಟು ಹಾಕಿರಲಿಲ್ಲ.

ಪಕ್ಕದ ಮನೆಯಲ್ಲಿ ಬೊಂಬೆಗಳಿಗೆ ಅರಗು ಹಚ್ಚುತ್ತ ಕೂತಿದ್ದ ರೋಶನ್ ಬೀ ಮೋಟುಗೋಡೆಯ ಮೇಲಿಂದ ಇಣುಕಿದಳು. "ಯಾಕ್ ಗುರುಸಿದ್ದಣ್ಣ, ಮಗು ಮೇಲೆ ಕೂಗಾಡ್ತೀಯ?"

"ತಾತನ ಅಚ್ಚನ್ನ ಬಡೀಬೇಕಂತೆ! ನೀನೇ ಹೇಳು, ದೇವರಿಗೆ ಸುತ್ತಿಗೆ ಹಾಕ್ತಾರಾ?"

"ಅಯ್ಯೋ, ನಿಮ್ಮಪ್ಪ ತಿಂಗಳಿಗೊಂದ್ಸಲ ಹಾಕ್ತಿದ್ದ ಕಣಯ್ಯ! ನಾನ್ ಮದುವೆಯಾಗಿ ಬಂದ ಹೊಸದ್ರಲ್ಲಿ, ಮಧ್ಯಾಹ್ನ ಒಸಿ ಮಲಗಾನ ಅಂದ್ರೆ ಆ ಠಣ್ ಠಣ್ ಬಿಡ್ತಿರ್ಲಿಲ್ಲ. ನಮ್ಮತ್ತೆ ಬೈದಿದ್ದಕ್ಕೆ, 'ಅಚ್ಚಿನ ಬಾಯಿ ಮುಚ್ಚಿಸ್ತಿದ್ದೀನಿ, ಆಮೇಲೆ ನಿನ್ನ ಬಾಯಿ' ಅಂದಿದ್ದ. ನೀನೆಲ್ಲಿದ್ದೆ ಆವಾಗ? ತಂತಿ ಗಂಟು ಹೊತ್ಕೊಂಡು ಊರೂರು ಮಾರಾಕೆ ಹೋಗ್ತಿದ್ದೆ. ಮನೇಲಿದ್ದು ಕಸುಬು ನೋಡಿದ್ರೆ ತಾನೆ?"

ಗುರುಸಿದ್ದಯ್ಯ ಒಳಗೆ ಹೋಗಿ ಕೈಕಾಲು ತೊಳೆದು, ಅಚ್ಚಿಗೆ ಕೈಮುಗಿದು ಸುತ್ತಿಗೆ ಎತ್ತಿದ.

ತೂತು ಮುಚ್ಚಿತು. ಆದರೆ ಅದನ್ನು ಕೂದಲೆಳೆಯಷ್ಟು ತೆರೆಯುವುದು ಅವನಿಗೆ ಬರಲಿಲ್ಲ. ಮನೆಯಲ್ಲಿದ್ದ ಮೊಳೆ, ಸೂಜಿಗಳೆಲ್ಲ ಬಾಗಿದವು. ಎರಡು ದಿನ ಹೆಣಗಿ ಶುಕ್ರವಾರ ಬೆಳಿಗ್ಗೆ ಸುತ್ತಿಗೆ ಬಿಸಾಡಿದ. "ಇದ್ದಿದ್ದೂ ಹೋಯ್ತು. ನಡಿ, ಕನಕಪುರಕ್ಕೆ ಗಂಟು ಕಟ್ಟು."

"ಮೇಷ್ಟ್ರನ್ನ ಒಂದ್ಸಲ ಕೇಳಾನ ಅಪ್ಪ. ಅವರಿಗೂ ತಂತಿ ಬೇಕಲ್ಲ?"

"ಅವರನ್ನ ಬೈದು ಕಳಿಸಿದ್ದೀನಲ್ಲ!"

"ಅವರು ಬೈಸ್ಕೊಂಡ್ಮೇಲೇ ತಿರುಪು ಬಿಟ್ಟು ಹೋಗಿದ್ದು."

ಅಪ್ಪ ಅಚ್ಚನ್ನು ಪಂಚೆಯಲ್ಲಿ ಸುತ್ತಿಕೊಂಡು ರೈಲು ಹತ್ತಿದ. ಆವತ್ತು ಬರಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಬಂದವನ ಮುಖ ನೋಡಿ ಸರ್ವಮಂಗಳಳಿಗೆ ಉಸಿರು ಬಂತು.

"ಕುರ್ಚಿ ಹಾಕಿ ಕೂರಿಸಿದ್ರು ಕಣವ್ವ, ನನ್ನ!" ಎನ್ನುತ್ತಲೇ ಒಳಗೆ ಬಂದ. "ಕಾಲೇಜಲ್ಲೇ ಒಂದು ಕಮ್ಮಾರಸಾಲೆ ಐತೆ. ಮೇಷ್ಟ್ರು, ಅಲ್ಲಿನ ಮೇಸ್ತ್ರಿ ಮುನಿಶಾಮಯ್ಯ, ಇಬ್ಬರೂ ನನ್ನ ಪಕ್ಕದಲ್ಲೇ ಕೂತು ಈ ದಬ್ಬಳ ಉಜ್ಜಿ ಮಾಡಿಕೊಟ್ರು." ತುದಿಗೆ ಬರುಬರುತ್ತ ಸಣ್ಣದಾಗುವ ಉಕ್ಕಿನ ದಬ್ಬಳವದು. ಎಲ್ಲಿಯವರೆಗೆ ಒಳಗೆ ಹೊಡೆದರೆ ಎಷ್ಟು ತೂತೆಂದು ಅದರ ಮೈಮೇಲೆ ಗೆರೆ ಕೊರೆದಿದ್ದರು. "ಓದೋ ಹುಡುಗರು ಸುತ್ತ ನಿಂತು, ಉಕ್ಕು ಹೆಂಗೆ ಕಾಯಿಸ್ತೀರ, ಹೆಂಗೆ ಎಳೀತೀರ ಅಂತ ನನ್ನ ಕೇಳ್ತಿದ್ರು. ನನ್ನ!"

ದಬ್ಬಳದಿಂದ ಅಚ್ಚಿನ ತೂತು ತೆರೆದು, ಅಂದೂ ಮಾರನೆಯ ದಿನವೂ ಅಪ್ಪ ತಂತಿ ಎಳೆದ, ಮಗಳು ಅಳೆದಳು. ಮೊದಲ ಎರಡು ಸುರುಳಿ ಅವಳೇ ಬೇಡವೆಂದಳು. ಅಪ್ಪ ಗೊಣಗಿದ, ಆದರೆ ಎಸೆದ. ಮೂರನೆಯದು ಈ ತುದಿಯಿಂದ ಆ ತುದಿಗೂ ಏಳು.

ಸೋಮವಾರ ಮೇಷ್ಟ್ರು ಅದೇ ಕಲ್ಲು ಕಟ್ಟಿದರು. ತಂತಿ ಹಿಡಿಯಿತು. ಇನ್ನೊಂದು ಕಲ್ಲು ಸೇರಿಸಿದರು. ರೋಶನ್ ಬೀ ಗೋಡೆಯ ಮೇಲಿಂದ ಏನೋ ಪಿಸುಗುಟ್ಟಿ ದುವಾ ಮಾಡುತ್ತಿದ್ದಳು. ತಂತಿ ಸಣ್ಣಗೆ ಗುಂಯ್‌ಗುಟ್ಟಿತೇ ಹೊರತು ಹರಿಯಲಿಲ್ಲ.

"ನಮ್ಮ ಕಾಲೇಜಿಗೆ ಇದು ಸಾಕು. ಮೈಸೂರಿನ ಕಾಲೇಜಿಗೂ ಬರೆಯುತ್ತೇನೆ" ಎಂದರು ಮೇಷ್ಟ್ರು. ಗೋಡೆಯ ಇದ್ದಿಲ ಅಂಕಿಗಳತ್ತ ತಿರುಗಿ, "ಇದನ್ನು ಅಳೆದವರು ಯಾರು?" ಎಂದರು.

ಸರ್ವಮಂಗಳ ಬಾಗಿಲಿನಿಂದ ಈಚೆ ಬಂದಳು. ತಲೆ ತಗ್ಗಿಸಿ, "ನಾನು" ಎಂದಳು.

"ಹಾಗಾದರೆ ತಿರುಪು ನಿಮ್ಮ ಹತ್ತಿರವೇ ಇರಲಮ್ಮ. ಒಂದೊಂದು ಸುರುಳಿಗೂ ಅಳತೆ ಬರೆದು ಚೀಟಿ ಕಟ್ಟಿ ಕಳಿಸಿ. ನಿಮ್ಮ ಬರಹವನ್ನೇ ನಂಬುತ್ತೇವೆ."

ಗುರುಸಿದ್ದಯ್ಯ ಹೆಗಲ ವಲ್ಲಿಯಿಂದ ಕಣ್ಣೊರೆಸಿಕೊಂಡ. "ಸ್ವಾಮಿ, ಒಂದು ಮಾತು. ಈ ಯೂನಿವರ್ಸಿಟಿ ಅನ್ನೋರು ಎಲ್ಲಿ ಅವ್ರೆ? ಒಂದ್ಸಲ ಎದುರಿಗೆ ನಿಂತು ಕೈಮುಗೀಬೇಕು."

ಮೇಷ್ಟ್ರು ನಕ್ಕರು. "ಮೊನ್ನೆ ನಿಮ್ಮ ಸುತ್ತ ನಿಂತಿದ್ದರಲ್ಲ, ಆ ಹುಡುಗರೇ. ತಂತಿಗೆ ಕಾಯುತ್ತಿದ್ದಾರೆ. ಬೇಗ ಕಳಿಸಿಕೊಡಿ."

ಅವರ ಜಟಕಾ ಬೀದಿ ದಾಟುವವರೆಗೂ ಸರ್ವಮಂಗಳ ಅಂಗಳದಲ್ಲೇ ಕೈಜೋಡಿಸಿ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಕುಲುಮೆಯ ತಿದಿಗೆ ಕೈಹಾಕಿದಳು.