ಆರನೇ ಗೂಟ

"ಲೇ ಆರನೇ ಗೂಟ, ಅಲ್ಲಾಡ್ಬೇಡ ನನ್ಮಗನೆ! ಗಾಳಿ ಬಂದ್ರೆ ಸಾಹೇಬ್ರ ತಲೆ ಮೇಲೆ ಬೀಳುತ್ತೆ!"

ಕೂಗಿದವನು ಕಚೇರಿಯ ಹೆಡ್ ಕ್ಲರ್ಕ್. ಆರನೇ ಗೂಟ ಅಂದರೆ ನಾನು.

ಶಾಮಿಯಾನದ ಅಳತೆ ಮೂವತ್ತು ಅಡಿಗೆ ಅರವತ್ತು. ಎಡಗಡೆ ಮಣ್ಣಿನ ನೆಲ. ಅಲ್ಲಿ ಕಬ್ಬಿಣದ ಗೂಟಗಳು ಸಲೀಸಾಗಿ ಇಳಿದಿದ್ದವು. ಬಲಗಡೆ, ಸೋಫಾಗಳಿದ್ದ ಕಡೆ, ಕಾರು ನಿಲ್ಲಿಸಲೆಂದು ಹೋದ ತಿಂಗಳಷ್ಟೇ ಕಾಂಕ್ರೀಟು ಹಾಕಿಸಿದ್ದರು. ಇಂಥ ನೆಲ ಸಿಕ್ಕಿದಾಗ ನಾವು ನೀರು ತುಂಬಿದ ಡ್ರಮ್ಮುಗಳಿಗೆ ಹಗ್ಗ ಕಟ್ಟುತ್ತೇವೆ. ಆದರೆ ಈ ಸಲ ದೇಶದ ಹಬ್ಬವನ್ನು ಸರಳವಾಗಿ ಆಚರಿಸಬೇಕೆಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಹೆಡ್ ಕ್ಲರ್ಕ್ ಪೆನ್ನು ತೆಗೆದು ಮೊದಲು ಹೊಡೆದುಹಾಕಿದ್ದು ಡ್ರಮ್ಮುಗಳನ್ನು. ಸೋಫಾಗಳು ಉಳಿದವು.

"ಡ್ರಮ್ ಇಲ್ದೆ ಹೆಂಗೆ ಸಾರ್?" ಎಂದು ನಮ್ಮ ಟೆಂಟ್ ಹೌಸ್ ಯಜಮಾನ ಕೇಳಿದ್ದ.

"ಆಳುಗಳಿದಾರಲ್ರೀ ಆರು ಜನ. ತಿಂದು ತಿಂದು ಡ್ರಮ್ ಥರಾನೇ ಆಗಿದಾರೆ."

ಹಾಗೆ ಬಲಗಡೆಯ ಆರು ಹಗ್ಗ ಹಿಡಿದು ನಾವು ಆರು ಜನ ಕೂತೆವು. ನನ್ನ ತೂಕ ನಲವತ್ತೊಂಬತ್ತು ಕಿಲೋ.

ಗೂಟ ಯಾವಾಗಲೂ ಶಾಮಿಯಾನದ ಹೊರಗಿರುತ್ತದೆ, ಬಿಸಿಲಲ್ಲಿ. ಹನ್ನೊಂದು ವರ್ಷ ಗೂಟ ಹೊಡೆದ ನನಗೆ ಇದು ಹೊಳೆದದ್ದು ನಾನೇ ಗೂಟವಾದ ಮೇಲೆ.

ಸರಳ ಆಚರಣೆಯ ಬುದ್ಧಿ ಕಚೇರಿಯವರಿಗೆ ಮಾತ್ರ ಇರುತ್ತದೆಯೇ? ನಾನೂ ಒಂದು ಯೋಜನೆ ಹಾಕಿದ್ದೆ. ರಜೆಯ ದಿನ ಎಲ್ಲಾದರೂ ಕರೆದುಕೊಂಡು ಹೋಗುತ್ತೇನೆಂದು ಮಗಳಿಗೆ ಮೂರು ವರ್ಷದಿಂದ ಹೇಳುತ್ತಿದ್ದೆ. ಊರಿಗೆ ರಜೆ ಬಂದರೆ ನನಗೆ ಕೆಲಸ ಬರುತ್ತದೆ. ಈ ವರ್ಷ ತಲೆ ಓಡಿತು. ನಾನೇ ಕಟ್ಟುವ ಶಾಮಿಯಾನ, ನಾನೇ ಹಾಕುವ ಕುರ್ಚಿ. ಬಾವುಟ, ಬ್ಯಾಂಡು, ಶರಬತ್ತು ಎಲ್ಲ ಪುಕ್ಕಟೆ. "ಕಟ್ಟೋದು ಏಳಕ್ಕೆ ಮುಗಿಯುತ್ತೆ. ಅಮ್ಮನ ಜೊತೆ ಒಂಬತ್ತಕ್ಕೆ ಬಾ. ಹಿಂದಿನ ಸಾಲಲ್ಲಿ ಮೂರು ಕುರ್ಚಿ ಹಿಡ್ದಿರ್ತೀನಿ. ಅಪ್ಪನ ಪಕ್ಕದಲ್ಲೇ ಕೂರೋದು ನೀನು" ಎಂದು ಮಾತು ಕೊಟ್ಟಿದ್ದೆ.

ಒಂಬತ್ತಕ್ಕೆ ಸರಿಯಾಗಿ ಬಂದರು. ಮಗಳು ಇಸ್ತ್ರಿ ಮಾಡಿದ ಶಾಲೆಯ ಬಟ್ಟೆ ಹಾಕಿದ್ದಳು. ಹೆಂಡತಿಯ ಕೈಯಲ್ಲಿ ಟವೆಲು ಸುತ್ತಿದ ಬುತ್ತಿ.

"ಇದೇನಯ್ಯಾ, ಹಗ್ಗ ಹಿಡ್ಕೊಂಡು ಕೂತಿದೀಯ! ದನ ಎಲ್ಲಿ?"

"ದನ ನಾನೇ ಕಣೇ."

ಐದನೇ ಗೂಟದವನನ್ನು ನಾವೆಲ್ಲ ಮೀಸೆ ಎಂದು ಕರೆಯುತ್ತೇವೆ. ಅವನು, "ಹಂಗನ್ಬೇಡಮ್ಮ, ನಿನ್ ಗಂಡಂಗೆ ಪ್ರಮೋಶನ್ ಆಗಿದೆ. ಸಾಹೇಬ್ರದು ಗೂಟದ ಕಾರು. ಇವನಿಗೆ ಗೂಟ ಬಂದಾಯ್ತು, ಕಾರೊಂದು ಬಾಕಿ" ಎಂದ.

ಹೆಂಡತಿ ನಗಲಿಲ್ಲ. ಮಗಳು ಹೋಗಿ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತಳು. ಹೆಡ್ ಕ್ಲರ್ಕ್ ಓಡಿಬಂದ.

"ಏಯ್, ಏಳೇ ಮೇಲೆ! ಇದು ಆಹ್ವಾನಿತರಿಗೆ."

"ನಮ್ಮಪ್ಪ ಹಾಕಿರೋ ಕುರ್ಚಿ."

"ಹಾಕ್ದ ಅಂತ ನಿಮ್ಮಪ್ಪನ ಮನೇದಾಗುತ್ತೇನೇ? ಯಾವನೇ ನಿಮ್ಮಪ್ಪ?"

ಅವಳು ಬೆರಳು ತೋರಿಸಿದಳು.

"ಓಹೋ, ಗೂಟದ ಮಗಳು!"

ಮುಂದಿನ ಎರಡು ಸಾಲು ತಿರುಗಿ ನೋಡಿ ನಕ್ಕವು. ನಾನೂ ನಕ್ಕೆ. ಬಡವನ ಕೋಪ ದವಡೆಗೆ ಮೂಲ ಎಂಬ ಗಾದೆ ನನ್ನ ದವಡೆಗೆ ಬಾಯಿಪಾಠ. ಆ ಕೊನೆಯ ಸಾಲುಗಳಲ್ಲಿ ಇಪ್ಪತ್ತೆರಡು ಕುರ್ಚಿ ಖಾಲಿ ಇದ್ದವು. ಕಾರ್ಯಕ್ರಮ ಮುಗಿಯುವವರೆಗೂ ಖಾಲಿಯೇ ಇದ್ದವು.

ಮಗಳು ಬಂದು ನನ್ನ ಪಕ್ಕ ನಿಂತಳು. ಕಾಂಕ್ರೀಟು ಕಾದು ಒಂದೊಂದೇ ಕಾಲು ಬದಲಿಸುತ್ತಿದ್ದಳು.

"ಪಕ್ಕದಲ್ಲಿ ಕೂರೋದು ಅಂದಿದ್ಯಲ್ಲಪ್ಪಾ?"

"ಇದೂ ಪಕ್ಕಾನೇ ಕಣಮ್ಮಾ."

ಹೆಂಡತಿ ಬುತ್ತಿಯ ಟವೆಲು ಬಿಚ್ಚಿ ಅವಳ ತಲೆಯ ಮೇಲೆ ಎರಡೂ ಕೈಯಿಂದ ಅಗಲಿಸಿ ಹಿಡಿದಳು. ನಮ್ಮ ಮನೆಯ ಶಾಮಿಯಾನ: ಎರಡು ಅಡಿಗೆ ಮೂರು.

ಸಾಹೇಬರು ಮೈಕಿನ ಮುಂದೆ ನಿಂತು, ದೇಶದ ಭಾರ ನಮ್ಮೆಲ್ಲರ ಹೆಗಲ ಮೇಲಿದೆ ಎಂದರು. ಆಗಲೇ ಬಿಸಿಗಾಳಿ ಎದ್ದು ಹಗ್ಗ ಅಂಗೈಯೊಳಗೆ ಕೊರೆಯಿತು. "ಹಂಗಾದ್ರೆ ಬಂದು ಒಂದ್ ಹಗ್ಗ ಹಿಡ್ಕೊಳಪ್ಪ" ಎಂದು ಮೀಸೆ ಗೊಣಗಿದ.

ಹೆಡ್ ಕ್ಲರ್ಕ್ ಸಾಲಾಗಿ ನಮ್ಮ ಹತ್ತಿರ ಬಗ್ಗಿ ಹೇಳುತ್ತ ಬಂದ. "ಈಗ ರಾಷ್ಟ್ರಗೀತೆ. ಎಲ್ರೂ ಏಳ್ತಾರೆ, ನೀವು ಏಳ್ಬಾರ್ದು. ಗೂಟ ಏಳಲ್ಲ, ತಿಳೀತೇನ್ರೋ? ಎದ್ದ ನನ್ಮಗ ನಾಳೆಯಿಂದ ಈ ಕಾಂಪೌಂಡ್ ಒಳಗೆ ಕಾಲಿಡಂಗಿಲ್ಲ."

ಹಾಡು ಶುರುವಾಯಿತು. ಎಲ್ಲರೂ ಎದ್ದರು. ಹೆಂಡತಿ ಟವೆಲು ಕೆಳಗಿಳಿಸಿದಳು. ಮಗಳು ಕಾಲು ಬದಲಿಸುವುದನ್ನು ನಿಲ್ಲಿಸಿ ನೆಟ್ಟಗೆ ನಿಂತಳು, ಕೈ ಕೆಳಗೆ. ಕತ್ತು ತಿರುಗಿಸದೆ ಪಿಸುಗುಟ್ಟಿದಳು.

"ಅಪ್ಪಾ, ಏಳು."

"ಗೂಟ ಏಳಲ್ಲ ಕಣೇ."

"ನೀನು ಗೂಟ ಅಲ್ಲ. ಏಳು. ಕೂತ್ಕೊಂಡ್ರೆ ಅವಮಾನ ಅಂತ ಮಿಸ್ ಹೇಳಿದಾರೆ."

ಯಾರಿಗೆ ಅವಮಾನ ಎಂದು ಮಿಸ್ ಹೇಳಿದ್ದರೋ ಇಲ್ಲವೋ.

ಅಂಗೈಗೆ ಸುತ್ತಿದ್ದ ಹಗ್ಗ ಬಿಚ್ಚಿ ಎದ್ದೆ. ಕೈ ಕೆಳಗೆ, ಮಗಳು ನಿಂತ ಹಾಗೆಯೇ. ಮೀಸೆ ನನ್ನನ್ನು ನೋಡಿದ. "ದೇಶ ಮುಖ್ಯ ಕಣಪ್ಪ" ಎಂದು ಅವನೂ ಎದ್ದ. ಆಮೇಲೆ ನಾಲ್ಕನೆಯವನು. ಮೂರನೆಯವನು.

ಬಲಗಡೆಯ ಕಂಬಗಳು ಸೋಫಾಗಳ ಕಡೆಗೆ ಮೆಲ್ಲಗೆ ವಾಲತೊಡಗಿದವು. ಹೆಡ್ ಕ್ಲರ್ಕನ ಕಣ್ಣುಗುಡ್ಡೆ ಮಾತ್ರ ನಮ್ಮ ಕಡೆ ತಿರುಗಿತು. ಕತ್ತು ತಿರುಗಿಸುವಂತಿಲ್ಲ, ಬಾಯಿ ಬಿಟ್ಟರೆ ಹಾಡೇ ಬರಬೇಕು. ಸಾಹೇಬರು ಕಣ್ಣೆತ್ತಿದರು, ಕೈ ಎತ್ತಲಿಲ್ಲ. ಬಟ್ಟೆ ಇಳಿದು ಮೊದಲ ಸಾಲಿನ ತಲೆಗಳನ್ನು ಮುಟ್ಟಿತು.

ಹಾಡು ಮುಗಿಯಲು ಇನ್ನೂ ಎರಡು ಸಾಲು ಇತ್ತು. ನನ್ನ ಕೈ ಕೆಳಗೇ ಇತ್ತು.